ಮಾರುತಿ 800: ಎಲ್ಲ ವರ್ಷದ್ದೂ ಒಂದೇನಾ?

'ಮಾರುತಿ 800 ಯಾವ ವರ್ಷದ್ದಾದರೂ ಒಂದೇ, ಪಾರ್ಟ್ಸ್ ಎಲ್ಲ ಅದಲು ಬದಲು ಆಗುತ್ತವೆ' ಎಂಬ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ. 796 ಸಿಸಿ, ಮೂರು ಸಿಲಿಂಡರ್ ಎಂಬ ಲೆಕ್ಕ ಕೊನೆವರೆಗೂ ಬದಲಾಗಲಿಲ್ಲ. ಗೊಂದಲ ಹುಟ್ಟಿದ್ದು ಅಲ್ಲೇ ಇರಬೇಕು.

1983ರಲ್ಲಿ ಬಂದ ಕಾರಿಗೆ 1986ರಲ್ಲೇ ಹೊಸ ಬಾಡಿ ಬಂತು. ಹಾಗಾಗಿ ಮೊದಲ ಮಾದರಿಯ ಬಾನೆಟ್, ಗಾಜು ಹುಡುಕುವುದು ಸುಮ್ನೆ ತಲೆನೋವು.

ದೊಡ್ಡ ಬದಲಾವಣೆ ಇಂಧನದ್ದು. ಹಳೆಯವಕ್ಕೆ ಕಾರ್ಬ್ಯುರೇಟರ್, ಅಂದರೆ ಪೆಟ್ರೋಲ್-ಗಾಳಿ ಬೆರೆಸುವ ಭಾಗ. ಅದನ್ನು ಸ್ಕ್ರೂ ತಿರುಗಿಸಿ ಟ್ಯೂನ್ ಮಾಡಬಹುದು. 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ (ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಬಂತು: ಇಂಜೆಕ್ಟರ್, ಸೆನ್ಸರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಲೆಕ್ಟ್ರಿಕ್ ಪಂಪ್. ಇದರ ಈ ಪಾರ್ಟ್ಸ್ ಕಾರ್ಬ್ಯುರೇಟರ್ ಕಾರಿಗೆ ಕೂರುವುದಿಲ್ಲ. ಕೆಲವಕ್ಕೆ ಐದು ಗೇರ್ ಕೂಡ ಇದೆ, ಉಳಿದವಕ್ಕೆ ನಾಲ್ಕೇ.

ಆರ್‌ಸಿಯಲ್ಲಿ ನೋಂದಣಿ ವರ್ಷ ಅಲ್ಲ, ತಯಾರಾದ ವರ್ಷ ನೋಡಿ. ಪಾರ್ಟ್ಸ್ ಕೇಳುವಾಗ ಚಾಸಿ ನಂಬರ್ ಕೊಡಿ.