ದಾರಿಯಲ್ಲಿ ಅವ್ವ ನೀರು ಕುಡಿದಳು

ಕಳೆದ ವರ್ಷ ದಾವಣಗೆರೆಯಿಂದ ಅವ್ವ, ಅಪ್ಪಾಜಿ ಆಸ್ಟ್ರೇಲಿಯಾದಲ್ಲಿ ನಾವಿರುವ ಬ್ರಿಸ್ಬೇನಿಗೆ ಬಂದಿದ್ದರು. ಜುಲೈ ತಿಂಗಳ ಶಾಲಾ ರಜೆಯಲ್ಲಿ ಡೇರೆ, ಹಾಸಿಗೆ, ಗ್ಯಾಸ್ ಒಲೆ, ಅಕ್ಕಿ, ಬೇಳೆ, ಅವ್ವ ಕುಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಎಲ್ಲವನ್ನೂ ಕಾರಿಗೆ ತುಂಬಿಕೊಂಡು, ಕ್ವೀನ್ಸ್‌ಲ್ಯಾಂಡಿನ ಕರಾವಳಿ ಹಿಡಿದು ಕೇರ್ನ್ಸ್‌ವರೆಗೆ ಹೋದೆವು. ಒಂದು ದಿಕ್ಕಿಗೇ ಸುಮಾರು 1,700 ಕಿಲೋಮೀಟರ್ ದಾರಿ. ಹವಳದ ದಿಬ್ಬವನ್ನೂ ಸಮುದ್ರದ ದಂಡೆಯವರೆಗೆ ಇಳಿದು ಬಂದ ಮಳೆಕಾಡನ್ನೂ ನೋಡಿ ಬಂದವನು ಅವುಗಳ ಬಗ್ಗೆಯೇ ಬರೆಯಬೇಕಿತ್ತು. ಆದರೆ ನನ್ನನ್ನು ಬರೆಯಲು ಕೂರಿಸಿದ್ದು, ರಾಕ್‌ಹ್ಯಾಂಪ್ಟನ್ ಬಳಿ ಮಕರ ಸಂಕ್ರಾಂತಿ ವೃತ್ತ ದಾಟಿದ ಮೇಲೆ, ಹೆದ್ದಾರಿ ಪಕ್ಕದ ಒಂದು ವಿಶ್ರಾಂತಿ ತಾಣದಲ್ಲಿ ಅವ್ವ ತಾನಾಗಿಯೇ ಬಾಟಲಿ ಕೇಳಿ, ತಲೆಯೆತ್ತಿ, ಗಟಗಟನೆ ನೀರು ಕುಡಿದದ್ದು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆಯೆಂದು ಹೇಳಬೇಕಾಗಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅವ್ವ ಪ್ರಯಾಣದಲ್ಲಿ ನೀರು ಕುಡಿದದ್ದನ್ನು ನಾನು ಕಂಡಿರಲಿಲ್ಲ. ದಾವಣಗೆರೆಯಿಂದ ಹೊನ್ನಾಳಿ, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿದು ಮುರುಡೇಶ್ವರ, ಗೋಕರ್ಣ ನೋಡಿ ಬರುವುದು ನಮ್ಮ ಮನೆಯ ಹಳೆಯ ರೂಢಿ. ಬಾಡಿಗೆ ಟೆಂಪೋದಲ್ಲಿ ಅತ್ತಿಗೆಯರು, ಚಿಕ್ಕಮ್ಮಂದಿರು, ಮಕ್ಕಳು, ಬುತ್ತಿಯ ಗಂಟು, ಮಂಡಕ್ಕಿಯ ಚೀಲ, ಎಲ್ಲ ಇರುತ್ತಿದ್ದವು. ಹಿಂದಿನ ರಾತ್ರಿಯ ಊಟದ ನಂತರ ಅವ್ವ ನೀರು ಬಿಡುತ್ತಿದ್ದಳು. ತುಂಬಾ ಒತ್ತಾಯ ಮಾಡಿದರೆ ಲೋಟದ ಅಂಚಿಗೆ ತುಟಿ ತಾಗಿಸಿ, "ಸಾಕು ಬಿಡಪ, ಊರು ಮುಟ್ಟಿದ ಮ್ಯಾಲೆ ಕುಡಿದ್ರಾತು" ಎಂದು ಲೋಟವನ್ನು ಹಿಂದಿನ ಸೀಟಿಗೆ ದಾಟಿಸುತ್ತಿದ್ದಳು. ಹಿಂದಿನ ಸೀಟಿನವರೂ ಹಾಗೆಯೇ ಮುಂದಕ್ಕೆ ದಾಟಿಸುತ್ತಿದ್ದರು. ಗಂಡಸರು ಮಾತ್ರ ಗಾಡಿ ನಿಲ್ಲಿಸಿದ ಕಡೆಯೆಲ್ಲ ಇಳಿದು, ಬೇಲಿಯ ಆಚೆ ಹೋಗಿ, ನಿರಾಳವಾಗಿ ಚಹಾ ಕುಡಿದು ಬರುತ್ತಿದ್ದರು.

ಮೂರು ವರ್ಷದ ಹಿಂದೆ ಊರಿಗೆ ಹೋಗಿದ್ದಾಗಲೂ ಇದೇ ದಾರಿಯಲ್ಲಿ ಹೊರಟಿದ್ದೆವು. ಪೆಟ್ರೋಲ್ ಬಂಕ್‌ಗಳಲ್ಲಿ ಶೌಚಾಲಯ, ಕುಡಿಯುವ ನೀರು, ಚಕ್ರಕ್ಕೆ ಗಾಳಿ ಇವೆಲ್ಲ ಸಾರ್ವಜನಿಕರಿಗೆ ಉಚಿತವಾಗಿ ಸಿಗಬೇಕೆಂಬ ನಿಯಮವಿದೆ. ದಾರಿಯ ಒಂದು ಬಂಕಿನಲ್ಲಿ ನಿಲ್ಲಿಸಿ ಕೇಳಿದಾಗ, ಬಾಗಿಲಿಗೆ ಬೀಗ ಹಾಕಿತ್ತು; ಕೀಲಿ ಮ್ಯಾನೇಜರ್ ಹತ್ತಿರ ಇದೆ, ಅವರು ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ ಬಂತು. ಅಕ್ಕ ಏನೂ ಮಾತಾಡದೆ ಬಂದು ಗಾಡಿಯಲ್ಲಿ ಕುಳಿತಳು. ಆ ಪ್ರವಾಸ ಮುಗಿಸಿ ಬಂದ ವಾರದಲ್ಲೇ ಅವ್ವನಿಗೆ ಉರಿಮೂತ್ರವಾಗಿ, ದಾವಣಗೆರೆಯ ವೈದ್ಯರು ದಿನಕ್ಕೆ ಇಷ್ಟು ನೀರು ಕುಡಿಯಲೇಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ಮನೆಯಲ್ಲಿ ಕುಡಿಯುವುದಕ್ಕೆ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ದಾರಿಯಲ್ಲಿ ಏನು ಮಾಡಬೇಕೆಂಬುದನ್ನು ಮಾತ್ರ ಆ ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ.

ಇಲ್ಲಿ ಹೆದ್ದಾರಿಯುದ್ದಕ್ಕೂ, ಊರಿಲ್ಲದ ಕಡೆಯೂ, ಒಂದು ಮಾಡು, ಎರಡು ಮೇಜು, ನೀರಿನ ತೊಟ್ಟಿ, ಶೌಚಾಲಯ ಇರುವ ತಾಣಗಳು ಸಿಗುತ್ತಲೇ ಹೋಗುತ್ತವೆ. ಬೀಗವಿಲ್ಲ, ಚಿಲ್ಲರೆ ಕೇಳುವವರಿಲ್ಲ. ಶಾಲಾ ರಜೆಯ ದಿನಗಳಲ್ಲಿ ಕೆಲವು ತಾಣಗಳಲ್ಲಿ ಊರಿನ ಸ್ವಯಂಸೇವಕರು ಚಾಲಕರನ್ನು ಕರೆದು ಪುಕ್ಕಟೆ ಚಹಾ, ಬಿಸ್ಕತ್ತು ಕೊಡುತ್ತಾರೆ. ಅಪ್ಪಾಜಿ ಅದನ್ನು ನೋಡಿ, ಬೇಸಿಗೆಯಲ್ಲಿ ನಮ್ಮ ಊರುಗಳಲ್ಲಿ ಇಡುತ್ತಿದ್ದ ಅರವಟ್ಟಿಗೆಯನ್ನು ನೆನೆದರು. ಇಂಗಮ್ ಎಂಬ ಕಬ್ಬಿನ ಊರಿನಿಂದ ಐವತ್ತು ಕಿಲೋಮೀಟರಿನಷ್ಟು ಒಳಗೆ ವಾಲಮನ್ ಜಲಪಾತವಿದೆ. 268 ಮೀಟರ್ ಎತ್ತರದಿಂದ ಒಂದೇ ನೆಗೆತಕ್ಕೆ ಬೀಳುವ ಅದರ ಎದುರು ನಿಂತು ಅವ್ವ, ನಮ್ಮ ಜೋಗದ ನಾಲ್ಕು ಧಾರೆಯ ಮುಂದೆ ಇದೇನೂ ಅಲ್ಲವೆಂದು ತೀರ್ಪು ಕೊಟ್ಟಳು. ಜೋಗದ ರಾಜನ ಎತ್ತರ 253 ಮೀಟರ್ ಎಂದು ನಾನು ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ, ಅವಳ ತೀರ್ಪಿಗೆ ನನ್ನದೂ ಒಪ್ಪಿಗೆಯಿದೆ. ಆದರೆ ಆ ಕಾಡಿನ ನಡುವಿನ ಬಿಡಾರದಲ್ಲೂ ತೊಳೆದಿಟ್ಟ ಶೌಚಾಲಯವಿತ್ತು. ನಡುರಾತ್ರಿ ಅವ್ವ ಯಾರನ್ನೂ ಎಬ್ಬಿಸದೆ ಟಾರ್ಚ್ ಹಿಡಿದು, ಚೊಂಬು ತೆಗೆದುಕೊಂಡು, ಡೇರೆಯ ಜಿಪ್ ಎಳೆದು ಒಬ್ಬಳೇ ಹೋಗಿ ಬಂದಳು. ಎಪ್ಪತ್ತರ ಹತ್ತಿರವಿರುವ ಹೆಂಗಸು ಪರದೇಶದ ಕಾಡಿನಲ್ಲಿ ಮಾಡಬಹುದಾದದ್ದನ್ನು ಹೊನ್ನಾಳಿಯ ದಾರಿಯಲ್ಲಿ ಹಗಲು ಹೊತ್ತಿನಲ್ಲೂ ಮಾಡಲಾಗುವುದಿಲ್ಲವೆಂಬುದು ನನಗೆ ಆ ರಾತ್ರಿ ಬಹಳ ನೋವು ಕೊಟ್ಟಿತು.

ಬಿಸಿಲು, ಮಳೆ, ಧೂಳಿನ ದೇಶದಲ್ಲಿ ಇಂಥವು ಬಾಳುವುದಿಲ್ಲ ಎಂದು ಊರಿನ ಗೆಳೆಯರು ವಾದಿಸುತ್ತಾರೆ. ದಾವಣಗೆರೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರವೋ, ಕೇರ್ನ್ಸ್ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಅದೇ ಮಾವು, ಅದೇ ಕಬ್ಬು, ಅದೇ ಸೆಕೆ. ದಾರಿಯಲ್ಲಿ ಸಿಗುವ ಟಲ್ಲಿ ಎಂಬ ಊರಿನಲ್ಲಿ 7.9 ಮೀಟರ್ ಎತ್ತರದ ಒಂದು ಬೂಟಿನ ಪ್ರತಿಮೆಯಿದೆ; 1950ರಲ್ಲಿ ಅಲ್ಲಿ ಸುರಿದ ಮಳೆಯ ಅಳತೆ ಅದು. ನಮ್ಮಲ್ಲಿ ಹತ್ತು ವರ್ಷ ಸುರಿದರೂ ಆ ಮಟ್ಟ ಮುಟ್ಟುವುದು ಕಷ್ಟ. ಅಷ್ಟು ಮಳೆಯ ಸೀಮೆಯಲ್ಲಿ ಬಾಳುವ ಕಟ್ಟಡ ದಾವಣಗೆರೆಯ ಬಿಸಿಲಿನಲ್ಲಿ ಬಾಳಲಾರದೆ?

ಬಯಲಿನಲ್ಲಿ ಬಿಡಾರ ಹೂಡುವುದು ನಮ್ಮ ಜನಕ್ಕೆ ಒಗ್ಗುವುದಿಲ್ಲವೆಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ನಮ್ಮಜ್ಜಿ ಕೊಟ್ಟೂರಿನ ತೇರಿಗೂ ನಾಯಕನಹಟ್ಟಿಯ ಜಾತ್ರೆಗೂ ಬಂಡಿ ಕಟ್ಟಿಕೊಂಡು ಹೋದವಳು. ಮೂರು ಕಲ್ಲಿನ ಒಲೆ ಹೂಡಿ, ಬಂಡಿಯ ಕೆಳಗೆ ಕಂಬಳಿ ಹಾಸಿ, ಎತ್ತಿನ ಕೊರಳ ಗಂಟೆ ಕೇಳುತ್ತ ಮಲಗಿದ್ದನ್ನು ಅವಳು ಮುದುಕಿಯಾದ ಮೇಲೂ ಹೇಳುತ್ತಿದ್ದಳು. ಆಗ ದಾರಿಯ ಪಕ್ಕ ಹಳ್ಳವಿತ್ತು, ಮರೆಯಿತ್ತು. ಈಗ ರಸ್ತೆ ಅಗಲವಾಗಿದೆ, ಮರೆ ಹೋಗಿದೆ, ಅದರ ಬದಲಿಗೆ ಕಟ್ಟಬೇಕಾದದ್ದನ್ನು ಕಟ್ಟಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಜಾಗ ಪಡೆದ ಊರು ನಮ್ಮದು. ಆ ಹೆಮ್ಮೆ ನನಗೂ ಇದೆ, ಆದರೆ ಊರ ಗಡಿ ದಾಟಿದ ಹೆಣ್ಣುಮಕ್ಕಳ ಗಂಟಲು ಒಣಗುವುದು ತಪ್ಪಿಲ್ಲ.

ಕ್ವೀನ್ಸ್‌ಲ್ಯಾಂಡ್ ವಿಸ್ತೀರ್ಣದಲ್ಲಿ ಕರ್ನಾಟಕದ ಒಂಬತ್ತು ಪಟ್ಟಿಗೂ ಹೆಚ್ಚು; ಜನರೋ ಅರ್ಧ ಕೋಟಿಯ ಆಸುಪಾಸು. ಆರು ಕೋಟಿಗೂ ಮೀರಿದ ಜನ ಬಳಸುವ ದಾರಿಯನ್ನು ಶುಚಿಯಾಗಿಡುವುದು ಇದಕ್ಕಿಂತ ಕಷ್ಟವೆಂಬುದನ್ನು ಒಪ್ಪಬೇಕು. ಇಲ್ಲಿಯ ಸಮುದ್ರವೂ ನಮ್ಮದರಷ್ಟು ಸಲಿಗೆಯದಲ್ಲ. ದಂಡೆದಂಡೆಗೂ ಮೊಸಳೆಯ ಎಚ್ಚರಿಕೆಯ ಫಲಕ, ಬೇಸಿಗೆಯಲ್ಲಿ ವಿಷದ ಅಂಬಲಿ ಮೀನಿನ (ಜೆಲ್ಲಿಫಿಶ್) ಭಯ. ಗೋಕರ್ಣದಲ್ಲಿ ಸೀರೆಯ ನೆರಿಗೆ ಎತ್ತಿ ಅಲೆಗೆ ಕಾಲು ಕೊಡುತ್ತಿದ್ದ ಅವ್ವ ಇಲ್ಲಿ ಮರಳಿನ ಮೇಲೆಯೇ ನಿಂತಳು. ಬಿಡಾರದಲ್ಲಿ ಪಕ್ಕದ ಡೇರೆಯವರು ನಕ್ಕು ಮುಂದೆ ಹೋಗುತ್ತಾರೆಯೇ ಹೊರತು, ಎಲ್ಲಿಯವರು, ಊಟವಾಯಿತೇ ಎಂದು ಕೇಳುವವರಿಲ್ಲ. ಎರಡನೆಯ ದಿನಕ್ಕೇ ಅವ್ವನಿಗೆ ಬೇಸರವಾಗಿತ್ತು. ಬಂಕಿನ ಬಾಗಿಲು ತೆರೆಯದ ಆ ದಿನ, ಘಟ್ಟದ ಮೇಲಿನ ಒಂದು ಮನೆಯ ಗೃಹಿಣಿ ನಮ್ಮ ಗಾಡಿ ನಿಂತದ್ದನ್ನು ನೋಡಿ, ಕೇಳುವ ಮೊದಲೇ ಹೆಂಗಸರನ್ನೆಲ್ಲ ಹಿತ್ತಿಲಿಗೆ ಕರೆದೊಯ್ದು, ಬಿಸಿನೀರು ಕೊಟ್ಟು, ಮುರುಗಲ ಪಾನಕ ಮಾಡಿಕೊಟ್ಟಿದ್ದರು. ಅಂಥ ಬಾಗಿಲು ಈ ದೇಶದಲ್ಲಿ ನನಗೆ ಎಲ್ಲೂ ಕಂಡಿಲ್ಲ.

ಆದರೂ ಆ ತಾಯಿಯ ಹಿತ್ತಿಲನ್ನೇ ನಂಬಿ ದಿನವೂ ನೂರಾರು ಟೆಂಪೋಗಳು ಘಟ್ಟ ಇಳಿಯಲಾಗದು. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ, ಶುಚಿಯಾದ ಸುರಕ್ಷಿತ ತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಆ ಮಾನ್ಯತೆ ಶೌಚಾಲಯ ಇಲ್ಲದೆ ಬರುವುದಿಲ್ಲ. ದಾರಿಯ ಕೊನೆಯಲ್ಲಿ ಆದದ್ದು ದಾರಿಯಲ್ಲೂ ಆಗಬೇಕು: ಹೊನ್ನಾಳಿಯ ಹತ್ತಿರ ಒಂದು, ಸಾಗರ ದಾಟಿದ ಮೇಲೆ ಒಂದು, ಗೇರುಸೊಪ್ಪೆಯ ಘಟ್ಟ ಇಳಿದಲ್ಲಿ ಒಂದು. ನಮಗೆ ಅಮೃತಶಿಲೆಯ ಕಟ್ಟಡ ಬೇಡ. ಬೀಗವಿಲ್ಲದ ಬಾಗಿಲು, ಒಳಗಿನ ಚಿಲಕ, ನಲ್ಲಿಯಲ್ಲಿ ನೀರು, ಒಂದು ದೀಪ, ಮತ್ತು ಅದನ್ನು ದಿನಕ್ಕೆರಡು ಸಲ ತೊಳೆಯುವವರಿಗೆ ತಿಂಗಳಿಗೆ ಸರಿಯಾಗಿ ಸಂಬಳ ಬೇಕು.