ಎ3 ಹಲ್ಲಿನವನ ಅಳಲು

ನನ್ನ ಗೆಳೆಯನೊಬ್ಬ ಮೇಲಿನ ಎಂಟು ಹಲ್ಲಿಗೆ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಹಾಕಿಸಿಕೊಂಡಿದ್ದಾನೆ. ಈಗ ಕೋಣೆಗೆ ಮೊದಲು ಹಲ್ಲು ಬರುತ್ತದೆ, ಹಿಂದೆ ಅವನು ಬರುತ್ತಾನೆ. ಗ್ರೂಪ್ ಫೋಟೊದಲ್ಲಿ ಅವನನ್ನು ಹುಡುಕಬೇಕಿಲ್ಲ. ಎಲ್ಲಿ ಕಣ್ಣು ಕುಕ್ಕುತ್ತದೋ ಅಲ್ಲಿದ್ದಾನೆ ಅಂತ ಲೆಕ್ಕ.

ಸುಮ್ನೆ ಜೊತೆಗೆ ಹೋದ ನನ್ನ ಬಾಯಿಯನ್ನೂ ಡಾಕ್ಟರು ತೆರೆಸಿದರು. ಪುಟ್ಟ ಪುಟ್ಟ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿದ ಒಂದು ಪಟ್ಟಿ ತಂದು, ಒಂದೊಂದನ್ನೇ ನನ್ನ ಹಲ್ಲಿನ ಪಕ್ಕ ಹಿಡಿದು, "ಎ3" ಅಂದರು. ಎ3, ಎ4 ಅಂದರೆ ಕಾಗದದ ಅಳತೆ ಅಂತಲೇ ಇಷ್ಟು ದಿನ ನಂಬಿದ್ದೆ. ಹಲ್ಲಿನ ಬಣ್ಣವಂತೆ! ಎ1ರಿಂದ ಡಿ4ರವರೆಗೆ ಒಟ್ಟು 16. ಒಂದೂ ಅಪ್ಪಟ ಬಿಳಿಯಲ್ಲ, ಯಾಕಂದರೆ ಮನುಷ್ಯರ ಹಲ್ಲೂ ಅಪ್ಪಟ ಬಿಳಿಯಲ್ಲ. ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ಬೆಳಕು ತೂರುತ್ತದೆ, ಒಳಗಿನ ಹಳದಿ ಡೆಂಟಿನ್ ಹೊರಗೆ ಇಣುಕುತ್ತದೆ. ಗಿರಾಕಿಗಳಿಗೆ ಅದು ಸಾಲಲಿಲ್ಲ. ಹಾಗಾಗಿ ಬ್ಲೀಚ್ ಶೇಡ್ ಅಂತ ಇನ್ನೊಂದು ಗುಂಪು ಹುಟ್ಟಿತು. ಗೆಳೆಯ ಅದರಲ್ಲೂ ತುತ್ತತುದಿಯದನ್ನು ತೋರಿಸಿ ಕೇಳಿದ: "ಇದಕ್ಕಿಂತ ಬಿಳಿ ಇಲ್ವಾ ಸಾರ್?"

ಈ ಹುಚ್ಚಿಗೆ ವಯಸ್ಸಾಗಿದೆ. 1928ರಲ್ಲಿ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್, ಹಾಲಿವುಡ್ ನಟರ ಹಲ್ಲಿನ ಮೇಲೆ ತೆಳು ಹೊದಿಕೆ ಅಂಟಿಸಲು ಶುರು ಮಾಡಿದ. ಅಂಟು ಗಟ್ಟಿಯಿರಲಿಲ್ಲ. ಶೂಟಿಂಗ್ ಮುಗಿದ ಮೇಲೆ ನಟರು ವೇಷದ ಜೊತೆ ಹಲ್ಲನ್ನೂ ಕಳಚಿಡುತ್ತಿದ್ದರು. 1955ರಲ್ಲಿ ಅಮೆರಿಕದ ಇನ್ನೊಬ್ಬ ದಂತವೈದ್ಯ ಮೈಕಲ್ ಬ್ಯೂನೊಕೋರ್, ಎನಾಮಲ್‌ಗೆ ಆಸಿಡ್ ಸವರಿ ಒರಟು ಮಾಡಿದರೆ ಅಂಟು ಬಿಗಿಯಾಗಿ ಹಿಡಿಯುತ್ತದೆ ಅಂತ ತೋರಿಸಿದ. ಮುಂದೆ ವೇಷ ಕಳಚುವ ಕೆಲಸವೇ ತಪ್ಪಿತು.

ಬಗೆಗಳ ವಿಷಯಕ್ಕೆ ಬರೋಣ. ಕಾಂಪೊಸಿಟ್, ಅಂದರೆ ಹಲ್ಲಿನ ಬಣ್ಣದ ರಾಳದ್ದು, ಅಗ್ಗ. ಡಾಕ್ಟರು ಕೂತಲ್ಲೇ ಹಲ್ಲಿನ ಮೇಲೆ ಮೆತ್ತಿ ಆಕಾರ ಕೊಡುತ್ತಾರೆ. ಮುರಿದರೆ ರಿಪೇರಿಯೂ ಸುಲಭ. ಆದರೆ ಬೇಗ ಕಲೆ ಹಿಡಿಯುತ್ತದೆ, ಐದಾರು ವರ್ಷ ಬಂದರೆ ಪುಣ್ಯ. ಪಿಂಗಾಣಿಯದು ಲ್ಯಾಬಿನಲ್ಲಿ ತಯಾರಾಗಿ ಬರುತ್ತದೆ, ಕಲೆಗೆ ಜಗ್ಗುವುದಿಲ್ಲ, 10-15 ವರ್ಷ ಬಾಳುತ್ತದೆ. ಇದನ್ನು ಕೂರಿಸಲು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಎನಾಮಲ್ ಉಜ್ಜಿ ತೆಗೆಯುತ್ತಾರೆ. ಎನಾಮಲ್ ಉಗುರಲ್ಲ, ಮತ್ತೆ ಬೆಳೆಯುವುದಿಲ್ಲ. ಇಪ್ಪತ್ತೈದಕ್ಕೆ ಹಾಕಿಸಿದವರು ಎಪ್ಪತ್ತೈದರೊಳಗೆ ಇನ್ನೂ ಮೂರ್ನಾಲ್ಕು ಸಲ ಅದೇ ಕುರ್ಚಿಯಲ್ಲಿ ಮಲಗಬೇಕು. ಉಜ್ಜದೆ, ಇಲ್ಲವೇ ತೀರಾ ಕಮ್ಮಿ ಉಜ್ಜಿ ಅಂಟಿಸುವ ತೆಳು ಬಗೆಯೂ ಇದೆ. ಎಲ್ಲರ ಹಲ್ಲಿಗೂ ಹೊಂದುವುದಿಲ್ಲ, ಕೆಲವರಿಗೆ ಬಾಯಿ ತುಂಬಿದಂತೆ ಕಾಣುತ್ತದೆ. ಇನ್ನು ವೆನೀರ್ ಅಂತ ಒಳಗೆ ಹೋಗಿ, ಸುತ್ತಲೂ ಕೊರೆಸಿಕೊಂಡು ಕ್ಯಾಪ್ ಹಾಕಿಸಿಕೊಂಡು ಬರುವವರೂ ಇದ್ದಾರೆ. ಅವರ ಪಿಂಗಾಣಿಯೊಳಗೆ ಉಳಿದಿರುವುದು ಹಲ್ಲಲ್ಲ, ಗೂಟ.

ಮುರಿದ ಹಲ್ಲು, ಬ್ಲೀಚಿಗೂ ಹೋಗದ ಕಲೆ ಇದ್ದವರು ಹಾಕಿಸಿಕೊಂಡರೆ ನನ್ನದೇನೂ ತಕರಾರಿಲ್ಲ. ಗೆಳೆಯನ ಹಲ್ಲಿಗೆ ಆಗಿದ್ದಾದರೂ ಏನು? ಸೆಲ್ಫಿ.

ಅಂಟಿಸುವ ಮುಂಚೆ ತಾತ್ಕಾಲಿಕ ಮಾದರಿ ಹಾಕಿ ಕನ್ನಡಿ ಕೊಟ್ಟಿದ್ದರು. ನೋಡಿ ಒಂದು ದಿನ ಯೋಚಿಸಿ ಅಂದರು. ಅವನು ಫೋಟೊ ತೆಗೆದು ಹಾಕಿ, ಲೈಕ್ ಎಣಿಸಿ, ಹತ್ತೇ ನಿಮಿಷಕ್ಕೆ ಹೂಂ ಅಂದ.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಇವನ ಹತ್ತಿರ ಎರಡೂ ಇವೆ. ಗಟ್ಟಿಯಾದದ್ದನ್ನು ಮುಂದಿನ ಹಲ್ಲಲ್ಲಿ ಕಡಿಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಬೇರೆ, ಅದಕ್ಕೆ ರಾತ್ರಿ ನೈಟ್ ಗಾರ್ಡ್. ಹಲ್ಲಿನ ಮೇಲೆ ಪಿಂಗಾಣಿ, ಪಿಂಗಾಣಿ ಮೇಲೆ ಪ್ಲಾಸ್ಟಿಕ್.

ಮೊನ್ನೆ ಸಿಕ್ಕಾಗ ಕೆಳತುಟಿ ಬಿಗಿಹಿಡಿದು ವಿಚಿತ್ರವಾಗಿ ನಕ್ಕ. ನೋವಾ ಅಂದೆ. ನೋವಲ್ಲವಂತೆ. ಮೇಲಿನ ಸಾಲಿನ ಮುಂದೆ ಕೆಳಗಿನ ಸಾಲು ಹಳದಿ ಕಾಣುತ್ತಿದೆಯಂತೆ. ಬರುವ ವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದಾನೆ.