ಕೆನಡಾದ ಸ್ಪಾನ್ಸರ್‌ಶಿಪ್ ಫೈಲ್ ಮತ್ತು ನಮ್ಮ ಮನೆಗಳು ಮುಚ್ಚಿಡುವ ಸಂಗತಿಗಳು

ಕೆನಡಾದಲ್ಲಿ ನೆಲೆಸಿದ ಹುಡುಗನಿಗೆ ಇಲ್ಲಿಯ ಹುಡುಗಿಯನ್ನು ಮದುವೆ ಮಾಡಿಕೊಟ್ಟು, ಆಮೇಲೆ ಅವಳನ್ನು ಅಲ್ಲಿಗೆ ಕರೆಸಿಕೊಳ್ಳಲು ಸ್ಪಾನ್ಸರ್‌ಶಿಪ್ ಅರ್ಜಿ ಹಾಕುವ ಮನೆಗಳು ಉಡುಪಿ, ಕುಂದಾಪುರ, ಮಂಗಳೂರಿನ ಕಡೆ ಈಗ ಬೇಕಾದಷ್ಟಿವೆ. ಅಫಿಡವಿಟ್ ಮಾಡಿಸಲು, ಮದುವೆ ನೋಂದಣಿಯ ಕೆಲಸಕ್ಕೆ ಅವರಲ್ಲಿ ಅನೇಕರು ನನ್ನ ಕಚೇರಿಗೆ ಬರುತ್ತಾರೆ. ನಾನು ಉಡುಪಿಯಲ್ಲಿ ವಕೀಲಿ ವೃತ್ತಿ ಮಾಡುವವಳು, ಕೆನಡಾದ ಕಾನೂನಿನ ಬಗ್ಗೆ ಸಲಹೆ ಕೊಡುವ ಪರವಾನಗಿ ನನಗಿಲ್ಲ. ಆದರೆ ಇಂಥ ಫೈಲ್‌ಗಳು ಇಲ್ಲಿ ಹೇಗೆ ತಯಾರಾಗುತ್ತವೆ ಎಂಬುದನ್ನು ಹತ್ತಿರದಿಂದ ನೋಡುತ್ತಾ ಬಂದಿರುವುದರಿಂದ ಒಂದು ಮಾತನ್ನು ಬಹಿರಂಗವಾಗಿ ಹೇಳಬೇಕೆನಿಸಿದೆ. ಅಪ್ಪಟ ನಿಜವಾದ ಮದುವೆಗಳನ್ನು ಸಂಶಯದ ಬಾಯಿಗೆ ತಳ್ಳುತ್ತಿರುವವರು ಬಹುಮಟ್ಟಿಗೆ ನಾವೇ, ನಡೆದದ್ದನ್ನು ಮುಚ್ಚಿಟ್ಟು ನಡೆಯದ್ದನ್ನು ಸೇರಿಸುವ ನಮ್ಮ ಅಭ್ಯಾಸದಿಂದ.

ಮೊದಲು ನಿಯಮ ಏನು ಹೇಳುತ್ತದೆಂದು ನೋಡೋಣ. ಕೆನಡಾದ ವಲಸೆ ನಿಯಮಾವಳಿಯ 4ನೆಯ ನಿಯಮದ ಪ್ರಕಾರ, ವಲಸೆಯ ಸೌಲಭ್ಯ ಪಡೆಯುವುದೇ ಮುಖ್ಯ ಉದ್ದೇಶವಾಗಿ ಮಾಡಿಕೊಂಡ ಮದುವೆಗೂ ಮಾನ್ಯತೆಯಿಲ್ಲ, ನೈಜವಲ್ಲದ ಮದುವೆಗೂ ಇಲ್ಲ. 2010ರ ತಿದ್ದುಪಡಿಗೆ ಮೊದಲು ಈ ಎರಡೂ ದೋಷಗಳು ಒಟ್ಟಿಗೆ ಕಂಡರೆ ಮಾತ್ರ ಅರ್ಜಿಯನ್ನು ತಳ್ಳಿಹಾಕಬಹುದಿತ್ತು, ಈಗ ಎರಡರಲ್ಲಿ ಒಂದು ಕಂಡರೂ ಸಾಕು. ಅಂದರೆ ಧಾರೆಯ ದಿನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೂ, ಇಂದು ಸಂಸಾರ ಹೇಗಿದೆ ಎಂಬುದನ್ನೂ ತೋರಿಸಿಕೊಡುವ ಹೊಣೆ ದಂಪತಿಯದು. ಇದನ್ನು ಅನ್ಯಾಯವೆಂದು ನಾನು ಹೇಳುವುದಿಲ್ಲ. ಹಣ ಕೊಟ್ಟು ಕಾಗದದ ಮೇಲೆ ಮದುವೆಯಾಗುವವರು ಇರುವುದು ಸುಳ್ಳಲ್ಲ. ಆದರೂ ತನಿಖೆ ಎಲ್ಲಿಗೆ ನಿಲ್ಲಬೇಕು ಎಂಬ ಪ್ರಶ್ನೆಯಲ್ಲಿ ಆ ದೇಶವೂ ಒಮ್ಮೆ ಹಿಂದೆ ಸರಿದಿದೆ. ಹೊಸದಾಗಿ ಮದುವೆಯಾಗಿ ಹೋದವರು ಎರಡು ವರ್ಷ ಸಂಗಾತಿಯ ಜೊತೆಗೇ ಇರಬೇಕು, ಇಲ್ಲವಾದರೆ ಪಿ.ಆರ್., ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು, ಹೋಗುತ್ತದೆ ಎಂಬ ಷರತ್ತನ್ನು 2012ರಲ್ಲಿ ತಂದಿದ್ದರು. ಹೊಡೆತ ಬಡಿತ ಅನುಭವಿಸುವ ಹೆಂಗಸರು ಈ ಷರತ್ತಿಗೆ ಹೆದರಿ ಬಾಯಿಮುಚ್ಚಿ ಇರಬೇಕಾಗುತ್ತದೆ ಎಂಬ ಆಕ್ಷೇಪ ಬಲವಾಗಿತ್ತು, 2017ರಲ್ಲಿ ಅದನ್ನು ತೆಗೆದುಹಾಕಿದರು. ತೆಗೆದದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಈಗ ನಮ್ಮ ಊರಿನ ಏಜೆಂಟರ ವಿಷಯಕ್ಕೆ ಬರುತ್ತೇನೆ. ಹಿರಿಯರು ನೋಡಿ ನಿಶ್ಚಯಿಸಿದ ಮದುವೆಯನ್ನು ಬಿಳಿಯರ ದೇಶದ ಅಧಿಕಾರಿ ಒಪ್ಪುವುದಿಲ್ಲ ಎಂಬ ಭ್ರಮೆಯನ್ನು ಇವರಲ್ಲಿ ಕೆಲವರು ಹಬ್ಬಿಸಿದ್ದಾರೆ. ವಾಸ್ತವದಲ್ಲಿ, ದಂಪತಿ ತುಂಬಬೇಕಾದ ಐಎಂಎಂ 5532 ಎಂಬ ಫಾರಂನಲ್ಲಿ ಇಬ್ಬರನ್ನು ಪರಿಚಯಿಸಿದವರು ಯಾರು, ಮದುವೆಯನ್ನು ಬೇರೆಯವರು ಕೂಡಿಸಿದ್ದೇ ಎಂದು ನೇರವಾಗಿಯೇ ಕೇಳುತ್ತಾರೆ. ಮಾವನ ಕಡೆಯವರೊಬ್ಬರು ಸಂಬಂಧ ತಂದರು, ಜಾತಕ ಕೂಡಿ ಬಂತು, ಹುಡುಗ ರಜೆಯಲ್ಲಿ ಬಂದಾಗ ಹೆಣ್ಣು ನೋಡಿ ಅದೇ ರಜೆಯಲ್ಲಿ ಧಾರೆಯೂ ಆಯಿತು ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಯಾವ ತೊಂದರೆಯೂ ಇಲ್ಲ. ಅದನ್ನು ಬಿಟ್ಟು, ಇಬ್ಬರೂ ಕಾಲೇಜಿನಿಂದಲೇ ಪ್ರೀತಿಸುತ್ತಿದ್ದರು ಎಂಬ ಕಥೆ ಕಟ್ಟಿದರೆ, ಆ ಪ್ರೀತಿಗೆ ಹಳೆಯ ಫೋಟೋ, ಹಳೆಯ ಮೆಸೇಜು ಎಲ್ಲಿಂದ ತರುವುದು?

ಮುಚ್ಚಿಡುವುದು ಇನ್ನೂ ಅಪಾಯಕಾರಿ. ಒಂದು ಫೈಲ್ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹುಡುಗನಿಗೆ ಅಲ್ಲಿ ಮೊದಲೊಂದು ಮದುವೆಯಾಗಿ ವಿಚ್ಛೇದನವಾಗಿತ್ತು. ಹುಡುಗಿಗೆ ಅದು ಗೊತ್ತಿತ್ತು, ಅವಳು ಮನಸಾರೆ ಒಪ್ಪಿಯೇ ಮದುವೆಯಾದವಳು. ಆದರೆ ಬಂಧುಗಳಿಗೆ ಹೇಳಿರಲಿಲ್ಲ. ನನ್ನ ಮೇಜಿನ ಎದುರು ಕುಳಿತು ಹುಡುಗಿಯ ತಾಯಿ, "ಅದೆಲ್ಲ ಬರೆಯುವುದು ಬೇಡ ಮೇಡಂ, ನಾಳೆ ಅಜ್ಜಿಗೆ ಗೊತ್ತಾದರೆ ರಗಳೆ ಆಗುತ್ತದೆ" ಎಂದರು. ಹುಡುಗಿ ತಲೆ ತಗ್ಗಿಸಿ ಬೆರಳಿನ ಉಂಗುರ ತಿರುಗಿಸುತ್ತಿದ್ದಳು. ಬರೆಯದಿದ್ದರೆ ಅಫಿಡವಿಟ್ ಮಾಡಿಕೊಡುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಅವರು ಬೇರೆ ಕಡೆ ಹೋದರು. ಹುಡುಗ ತನ್ನ ಫಾರಂನಲ್ಲಿ ಹಿಂದಿನ ಮದುವೆಯನ್ನು ಪ್ರಾಮಾಣಿಕವಾಗಿ ನಮೂದಿಸಿದ್ದ. ಸಂದರ್ಶನದಲ್ಲಿ ಹುಡುಗಿ, ಮನೆಯವರು ಹೇಳಿಕೊಟ್ಟಂತೆ, ಅವನಿಗೆ ಇದೇ ಮೊದಲ ಮದುವೆ ಎಂದಳು. ಗಂಡನ ಬಗ್ಗೆ ಇಷ್ಟು ದೊಡ್ಡ ಸಂಗತಿ ತಿಳಿಯದ ಹೆಂಡತಿ ನಿಜವಾದ ಹೆಂಡತಿಯಾಗಿರಲಾರಳು ಎಂದು ಅಧಿಕಾರಿಗೆ ಅನಿಸಿದರೆ ಅವರನ್ನು ದೂರಿ ಪ್ರಯೋಜನವೇನು? ಅರ್ಜಿ ತಿರಸ್ಕೃತವಾಯಿತು. ಮುಖ್ಯ ಸಂಗತಿಯೊಂದನ್ನು ಸುಳ್ಳು ಹೇಳಿದ್ದಾರೆಂದು ತೀರ್ಮಾನವಾದರೆ 5 ವರ್ಷ ಆ ದೇಶಕ್ಕೆ ಪ್ರವೇಶವೇ ಇಲ್ಲ ಎಂಬುದು ಏಜೆಂಟರಿಗೆ ಗೊತ್ತಿಲ್ಲದ ವಿಷಯವಲ್ಲ.

ನಮ್ಮ ಕಡೆಯ ಕೆಲವು ಸಹಜ ನಡವಳಿಕೆಗಳು ಹೊರಗಿನವರ ಕಣ್ಣಿಗೆ ವಿಚಿತ್ರವಾಗಿ ಕಾಣಬಹುದು, ಅವನ್ನು ವಿವರಿಸಲು ಸಂಕೋಚ ಪಡಬೇಕಾಗಿಲ್ಲ. ಮೇ ತಿಂಗಳಲ್ಲಿ ಮದುವೆಯಾದ ಹುಡುಗಿ ಜುಲೈ, ಆಗಸ್ಟ್ ಹೊತ್ತಿಗೆ ಗಂಡನ ಮನೆ ಬಿಟ್ಟು ತವರಿನಲ್ಲಿದ್ದಾಳೆ ಎಂದರೆ ತುಳುನಾಡಿನ ಯಾರೂ ಹುಬ್ಬೇರಿಸುವುದಿಲ್ಲ. ಹೊಸ ಮದುಮಗಳು ಆಟಿ ತಿಂಗಳಲ್ಲಿ ತವರಿಗೆ ಬಂದು ಕೂರುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಕ್ರಮ. ಆದರೆ ಅರ್ಜಿಯಲ್ಲಿ ವಿಳಾಸ ಬದಲಾದದ್ದನ್ನು ಮಾತ್ರ ನೋಡುವವರಿಗೆ ಗಂಡ ಹೆಂಡಿರು ಬೇರೆಯಾದರೇನೋ ಎಂದು ತೋರಬಹುದು. ಎರಡು ಸಾಲಿನ ವಿವರಣೆ ಬರೆದರೆ ಮುಗಿಯಿತು. ಹಣದ ವಿಷಯವೂ ಹೀಗೆಯೇ. ಗಂಡ ಕಳುಹಿಸುವ ಹಣ ಅತ್ತೆ ಅಥವಾ ಮಾವನ ಖಾತೆಗೆ ಬಂದು ಮನೆಖರ್ಚಿಗೆ ಹೋಗುತ್ತದೆ, ಸೊಸೆಯ ಮದ್ದಿನ ಖರ್ಚೂ ಬಟ್ಟೆಯ ಖರ್ಚೂ ಅದರಲ್ಲೇ ನಡೆಯುತ್ತದೆ, ಆದರೆ ಅವಳ ಹೆಸರಿನಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಸ್ವಲ್ಪವಾದರೂ ಹಣ ನೇರವಾಗಿ ಹೆಂಡತಿಯ ಖಾತೆಗೆ ಬರಲಿ, ವಿಮೆಯಲ್ಲಿ, ಬ್ಯಾಂಕಿನಲ್ಲಿ ಅವಳನ್ನು ನಾಮಿನಿ ಮಾಡಲಿ. ಸ್ಪಾನ್ಸರ್‌ಶಿಪ್ ಇರಲಿ ಬಿಡಲಿ, ಇದು ಆಗಬೇಕಾದ ಕೆಲಸವೇ. ಫೋನಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಒಬ್ಬರು ಅಲ್ಲಿ ಒಬ್ಬರು ಇಲ್ಲಿ ಇದ್ದು ಮಾಡಿಕೊಂಡ ಮದುವೆಯನ್ನು 2015ರಿಂದ ಕೆನಡಾ ವಲಸೆಗೆ ಪರಿಗಣಿಸುವುದಿಲ್ಲ ಎಂಬುದನ್ನೂ ಹುಡುಗನ ಕಡೆಯವರು ನೆನಪಿಡಬೇಕು.

ಅರ್ಜಿಯ ಜೊತೆ ಸಾಕ್ಷ್ಯವಾಗಿ ಕೊಡುವ ಫೋಟೋಗಳಿಗೆ 20ರ ಮಿತಿ, ಚಾಟ್ ಮತ್ತು ಪತ್ರಗಳಿಗೆ ಹತ್ತು ಪುಟದ ಮಿತಿ ಇದೆ. ಅಷ್ಟರಲ್ಲಿ ಅರ್ಧಕ್ಕರ್ಧ ಮಲ್ಪೆ ಬೀಚಿನ ಪ್ರಿ ವೆಡ್ಡಿಂಗ್ ಶೂಟ್ ಫೋಟೋಗಳನ್ನೇ ತುಂಬುವುದು ಏಕೆಂದು ನನಗೆ ಅರ್ಥವಾಗುವುದಿಲ್ಲ. ಅಜ್ಜಿಯ ಪಕ್ಕ ಕುಳಿತು ಮದುವೆಯ ಊಟ ಮಾಡುತ್ತಿರುವ ಫೋಟೋ, ಮನೆಯ ದೈವದ ಕೋಲಕ್ಕೆ ಇಬ್ಬರೂ ಕೈಮುಗಿದು ನಿಂತದ್ದು, ರಜೆ ಮುಗಿಸಿ ಹೊರಟವನನ್ನು ಬಜಪೆ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಯಾರೋ ಮೊಬೈಲಿನಲ್ಲಿ ತೆಗೆದದ್ದು, ಇವು ಹೇಳುವಷ್ಟನ್ನು ಸ್ಟುಡಿಯೋದವರ ಆಲ್ಬಮ್ ಹೇಳಲಾರದು.

ಇದಕ್ಕೆಲ್ಲ ಮೊದಲು ಆ ಇಬ್ಬರಿಗೆ ಒಬ್ಬರನ್ನೊಬ್ಬರು ಅರಿಯಲು ಹಿರಿಯರು ಅವಕಾಶ ಕೊಡಬೇಕು. ಗಂಡ ರಾತ್ರಿ ಪಾಳಿಯೋ ಹಗಲಿನದೋ, ಮನೆಯಲ್ಲಿ ಯಾರ ಜೊತೆ ಇದ್ದಾನೆ, ಸಾಲ ಎಷ್ಟಿದೆ ಎಂದು ಹೆಂಡತಿ ಕೇಳಿದರೆ ಅದು ಅಧಿಕಪ್ರಸಂಗವಲ್ಲ. ವಿಡಿಯೋ ಕಾಲ್ ಬಂದಾಗ ಫೋನು ಮನೆಯವರೆಲ್ಲರ ಕೈಗೆ ಹೋಗಿ ಕೊನೆಗೆ ಎರಡು ನಿಮಿಷಕ್ಕೆ ಸೊಸೆಗೆ ಸಿಗುವ ಮನೆಗಳಿವೆ. ಅಂಥ ಮನೆಯ ಹುಡುಗಿ ಸಂದರ್ಶನದಲ್ಲಿ ತಡವರಿಸಿದರೆ ತಪ್ಪು ಅವಳದಲ್ಲ.

ಅರ್ಜಿ ತಿರಸ್ಕೃತವಾದರೆ, ಸ್ಪಾನ್ಸರ್ ಮಾಡಿದವರು 30 ದಿನದೊಳಗೆ ಅಲ್ಲಿಯ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು, ಹೊಸ ಸಾಕ್ಷ್ಯವನ್ನೂ ಕೊಡಬಹುದು. ಆದರೆ ಮೊದಲು ಹೇಳಿದ ಸುಳ್ಳು ಅಲ್ಲಿಗೂ ಹಿಂಬಾಲಿಸುತ್ತದೆ, ಮತ್ತು ಆ ಅವಧಿಯಲ್ಲಿ ಊರವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವಳು ಇಲ್ಲಿ ಉಳಿದ ಹುಡುಗಿ. ಆದ್ದರಿಂದ ಬಂಧುಗಳ ಹೆಸರಿನಲ್ಲಿ ಒಂದೇ ಒಕ್ಕಣೆಯ ಅಫಿಡವಿಟ್‌ಗಳನ್ನು ಟೈಪ್ ಮಾಡಿಸಿಕೊಂಡು ಬಂದು, ಸಹಿಗೆ ಮಾತ್ರ ಜಾಗ ಬಿಟ್ಟಿದ್ದೇವೆ ಎನ್ನುವವರನ್ನು ನಾನು ಹಿಂದಕ್ಕೆ ಕಳುಹಿಸುತ್ತೇನೆ. ಸೋದರಮಾವ ಬರಲಿ, ನೆರೆಮನೆಯವರು ಬರಲಿ, ತಾವು ಕಣ್ಣಾರೆ ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ, ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ. ಕುಳಿತು ಕೇಳಿ ಬರೆದುಕೊಳ್ಳುತ್ತೇನೆ.